ಮಿಲ್ಲರ್ ಅವರ ಸೇವಂತಿಗೆ

ಬೆಲ್ಡನ್ ಕಾಲೇಜು, ಓಹಾಯೊ
ಸೆಪ್ಟೆಂಬರ್ 19, 1954

ಅಪ್ಪ ಅವರಿಗೆ,

ಮೊದಲು, ಬರೆಯುತ್ತಿರುವುದಕ್ಕೇ ಕ್ಷಮೆ ಕೇಳುತ್ತೇನೆ. ಹುಟ್ಟುಹಬ್ಬಕ್ಕೊಂದು, ಕ್ರಿಸ್‌ಮಸ್‌ಗೊಂದು ಕಾರ್ಡು ಎಂಬುದು ನಮ್ಮಿಬ್ಬರ ನಡುವಿನ ವಾಡಿಕೆ. ಅದನ್ನು ಬಿಟ್ಟು ಹೀಗೆ ನಡುವೆ ಪತ್ರ ಹಾಕಿದರೆ ನಿಮಗೆ ಗಾಬರಿಯಾಗಬಹುದು. ಗಾಬರಿಪಡುವಂಥದ್ದು ಏನೂ ಆಗಿಲ್ಲ. ಹಡಗಿನಲ್ಲಿ ತಲೆ ತಿರುಗಲಿಲ್ಲ, ರೈಲು ತಪ್ಪಲಿಲ್ಲ, ಕಾಲೇಜಿನವರು ವಿನಿಫ್ರೆಡ್ ಪ್ರೂಯಿಟ್ ಎಂದು ಸರಿಯಾಗಿಯೇ ಬರೆದುಕೊಂಡಿದ್ದಾರೆ. ನಿಮ್ಮ ಹುಟ್ಟೂರಿಗೆ ಹತ್ತಿರವೆಂದು ನೀವೇ ಆರಿಸಿದ ಕಾಲೇಜು, ಚೆನ್ನಾಗಿದೆ. ಮೇಪಲ್ ಮರಗಳು ತುಂಬ ಇವೆ.

ಬರೆಯಲು ಕಾರಣ ಚಿಕ್ಕದು. ಇಲ್ಲಿ ಪ್ರತಿ ಹುಡುಗಿಯ ಮೇಜಿನ ಮೇಲೂ ಅಪ್ಪನ ಫೋಟೋ ಇದೆ. ನಾನೂ ಇಟ್ಟೆ, ನೀವು ಕಳಿಸಿದ್ದನ್ನೇ: ಗಡ್ಡ, ಹರಿದ ಟೋಪಿ, ಕೈಯಲ್ಲಿ ಸಲಿಕೆ. ನನ್ನ ಕೋಣೆಯಲ್ಲಿ ಲವೋನ್ ಶ್ರೋಕ್ ಎಂಬ ಹುಡುಗಿ ಇದ್ದಾಳೆ. ಪಕ್ಕದ ಜಿಲ್ಲೆಯವಳು, ಅವರಪ್ಪ ಹಂದಿ ಸಾಕುತ್ತಾರೆ. ಅವಳು ಬಹಳ ಹೊತ್ತು ನೋಡಿದಳು.

"ನಿಮ್ಮ ತಾತನಾ?"

"ಅಪ್ಪ."

"ಅಯ್ಯೋ ಪಾಪ. ಏನಾಗಿತ್ತು ಅವರಿಗೆ?"

"ಏನೂ ಆಗಿಲ್ಲ ಕಣೆ. ಅದು ಪಾತ್ರ. ಸಿನಿಮಾದಲ್ಲಿ ಮಾಡ್ತಾರೆ."

"ಹೌದಾ? ಹೀರೋನಾ?"

"ಅಲ್ಲ. ಹೀರೋಗೆ ನೀರಿನ ಹೊಂಡ ಎಲ್ಲಿದೆ ಅಂತ ತೋರಿಸಿ ಸತ್ತುಹೋಗ್ತಾರೆ."

ಲವೋನ್ ಅದಕ್ಕೆ ನಗಲಿಲ್ಲ, ಒಳ್ಳೆಯವಳು. ಇಂಗ್ಲೆಂಡಿನ ಹಾಸ್ಟೆಲಿನಲ್ಲಾಗಿದ್ದರೆ ನಕ್ಕಿರುತ್ತಿದ್ದರು. ನಿಮಗೆ ಇದನ್ನು ಹೇಳಿಲ್ಲ, ಅಲ್ಲಿ ಶನಿವಾರ ನಮ್ಮನ್ನು ಸಾಲಾಗಿ ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತಿದ್ದರು. ನಿಮ್ಮ ಮುಖ ಕಾಣಿಸಿತೋ, ಹಿಂದಿನ ಸಾಲಿನಲ್ಲಿ ಟಾಫಿ ಬಾಜಿ ಶುರುವಾಗುತ್ತಿತ್ತು. "ವಿನ್ನಿ ಅಪ್ಪ ಈ ಸಲ ಸಾಯೋದು ಗುಂಡಿಗೋ, ಹಾವಿಗೋ?" ನಾನೂ ಬಾಜಿ ಕಟ್ಟುತ್ತಿದ್ದೆ. ಕಟ್ಟದಿದ್ದರೆ ಅಳುತ್ತಿದ್ದೇನೆ ಎಂದುಕೊಳ್ಳುತ್ತಿದ್ದರು.

ನಾನು ಮೂರು ವರ್ಷದವಳಿದ್ದಾಗ ಅಮ್ಮ ಅಜ್ಜಿಯನ್ನು ನೋಡಿಬರಲು ನನ್ನನ್ನು ಇಂಗ್ಲೆಂಡಿಗೆ ಕರೆದುಕೊಂಡು ಹೋದದ್ದು, ಯುದ್ಧ ಶುರುವಾಗಿ ಹಡಗು ನಿಂತದ್ದು, ಹಡಗಿನ ಜೊತೆ ಅಮ್ಮನ ಮನಸ್ಸೂ ಅಲ್ಲೇ ನಿಂತದ್ದು, ಎಲ್ಲ ನಿಮಗೆ ಗೊತ್ತು. ದೂರಲು ಹೇಳುತ್ತಿಲ್ಲ. ನನಗೆ ನಿಮ್ಮ ನಿಜವಾದ ಮುಖ ನೆನಪಿಲ್ಲ, ಅಷ್ಟೇ ಹೇಳಬೇಕಿತ್ತು. ಗಡ್ಡವಿಲ್ಲದ ಒಂದು ಫೋಟೋ ಇದ್ದರೆ ಕಳಿಸಬಹುದೇ? ಇಲ್ಲದಿದ್ದರೂ ಪರವಾಗಿಲ್ಲ.

ಇತಿ,
ವಿನಿಫ್ರೆಡ್


ವ್ಯಾನ್ ನೈಸ್, ಕ್ಯಾಲಿಫೋರ್ನಿಯಾ
ಸೆಪ್ಟೆಂಬರ್ 27, 1954

ಪ್ರೀತಿಯ ವಿನ್ನಿ,

ಪತ್ರ ಬಂತು. ಗಾಬರಿಯಾಯಿತು, ಆಮೇಲೆ ಕೂತು ಇನ್ನೆರಡು ಸಲ ಓದಿದೆ. ಕ್ಷಮೆ ಗಿಮೆ ಎಲ್ಲ ಇಂಗ್ಲೆಂಡಿಗೇ ಬಿಟ್ಟುಬಿಡು. ಇಲ್ಲಿ ಯಾರೂ ಕೇಳುವುದಿಲ್ಲ.

ಗಡ್ಡವಿಲ್ಲದ ಫೋಟೋ ನನ್ನ ಹತ್ತಿರ ಇಲ್ಲ. ಯಾರೂ ತೆಗೆದಿಲ್ಲ. ನನ್ನ ಮುಖಗಳು ಎರಡು, ಮಗಳೇ. ಹಲ್ಲಿನ ಸೆಟ್ಟು ಹಾಕಿಕೊಂಡರೆ ಐವತ್ತಮೂರು, ತೆಗೆದರೆ ಎಪ್ಪತ್ತೈದು. ಸ್ಟುಡಿಯೋದವರಿಗೆ ಬೇಕಾದದ್ದು ಎಪ್ಪತ್ತೈದು. ಡೇರೆ ನಾಟಕದವರ ಜೊತೆ ಊರೂರು ತಿರುಗುತ್ತಿದ್ದ ಕಾಲದಲ್ಲಿ ವಸಡು ಕೆಟ್ಟು, ಕಾನ್ಸಾಸ್‌ನಲ್ಲಿ ಒಬ್ಬ ಪುಣ್ಯಾತ್ಮ ಅಷ್ಟೂ ಹಲ್ಲು ಕಿತ್ತ. ಇನ್ನು ನನ್ನ ಕಥೆ ಮುಗಿಯಿತು ಎಂದುಕೊಂಡೆ. ಕಂಪನಿಯ ಮುದುಕ ಅದೇ ವಾರ ಕಾಯಿಲೆ ಬಿದ್ದ. ಅವನ ಜಾಗಕ್ಕೆ ನನ್ನನ್ನು ನಿಲ್ಲಿಸಿದರು. ಹಲ್ಲು ಹೋದ ಬಾಯಿಗೇ ಅನ್ನ ಬಂತು ನೋಡು. ಅಂದಿನಿಂದ ನಾನು ಮುದುಕ. ಬೇರೆಯವರು ವಯಸ್ಸಾಗುತ್ತ ಹೋಗುತ್ತಾರೆ, ನಾನು ಮೊದಲೇ ಆಗಿ ಕೂತು ಅವರಿಗಾಗಿ ಕಾಯುತ್ತಿದ್ದೇನೆ.

ಹೋಟೆಲಿನ ಗುಮಾಸ್ತ, ತಂತಿ ಕಚೇರಿಯವನು, ಹೆಣದ ಪೆಟ್ಟಿಗೆ ಮಾಡುವವನು, ಕುಡುಕ, ಕ್ಷೌರಿಕ, ಎರಡು ಸಲ ಪಾದ್ರಿ. ಎಲ್ಲ ಆಗಿದೆ. ಅಪ್ಪನ ಪಾತ್ರ ಮಾತ್ರ ಇಲ್ಲಿಯವರೆಗೆ ಬಂದಿಲ್ಲ. ಅದಕ್ಕೆ ಎತ್ತರದವರು ಬೇಕಂತೆ.

ನನ್ನ ಹೆಸರು ಯಾರಿಗೂ ಗೊತ್ತಿಲ್ಲ. ಮುಖ ಮಾತ್ರ ಎಲ್ಲರಿಗೂ ಎಲ್ಲೋ ನೋಡಿದ ಹಾಗಿರುತ್ತದೆ. ಮೊನ್ನೆ ಮಾರ್ಕೆಟ್ಟಿನಲ್ಲಿ ಒಬ್ಬಾಕೆ ತೋಳು ಹಿಡಿದು ನಿಲ್ಲಿಸಿದಳು.

"ನೀವು ಟೊಲೀಡೋದಲ್ಲಿ ಕಬ್ಬಿಣದ ಅಂಗಡಿ ಇಟ್ಟಿದ್ದಿರಲ್ವಾ?"

"ಹೌದಮ್ಮ. ಮಾರಿಬಿಟ್ಟೆ."

"ಅಯ್ಯೋ, ಯಾಕೆ? ಚೆನ್ನಾಗಿ ನಡೀತಿತ್ತಲ್ಲ?"

"ಮೊಣಕಾಲು ನೋವು."

ಅವಳಿಗೆ ಅಷ್ಟು ಖುಷಿಯಾಯಿತು. ಇಲ್ಲ ಅಂದಿದ್ದರೆ ಪಾಪ, ಅವಳ ಮುಖ ಸಪ್ಪಗಾಗುತ್ತಿತ್ತು. ಯಾರು ಏನು ಅಂದುಕೊಂಡರೂ ಹೌದು ಅಂದುಬಿಡುವುದು ನನಗೆ ಅಭ್ಯಾಸವಾಗಿದೆ. ಇದುವರೆಗೆ ಅದರಿಂದ ಯಾರಿಗೂ ನಷ್ಟವಾಗಿಲ್ಲ.

ನೀನು ಬಾಜಿಯಲ್ಲಿ ಗೆಲ್ಲುತ್ತಿದ್ದೆಯಾ? ಹಾವು ಎರಡೇ ಸಲ. ಉಳಿದದ್ದೆಲ್ಲ ಗುಂಡು.

ನಿನ್ನ,
ಎಲ್ಡನ್ ಪ್ರೂಯಿಟ್ (ಅಪ್ಪ)


ಬೆಲ್ಡನ್ ಕಾಲೇಜು
ಅಕ್ಟೋಬರ್ 8, 1954

ಅಪ್ಪನಿಗೆ,

ಒಂದು ಅನಾಹುತವಾಗಿದೆ. ಅನಾಹುತ ಎಂದರೆ ಲವೋನ್ ನಗುತ್ತಾಳೆ. ಆದರೆ ನನಗೆ ನಾಲ್ಕು ದಿನದಿಂದ ನಿದ್ದೆ ಇಲ್ಲ.

ಇಲ್ಲಿ ನವೆಂಬರ್ ಮೊದಲ ಶನಿವಾರ ಅಪ್ಪಂದಿರ ದಿನ. ಎಲ್ಲ ಹುಡುಗಿಯರ ಅಪ್ಪಂದಿರೂ ಬರುತ್ತಾರೆ. ಮೊದಲ ವರ್ಷದವರು ಬಾಗಿಲಲ್ಲಿ ನಿಂತು ಅವರ ಕೋಟಿಗೆ ಹಳದಿ ಸೇವಂತಿಗೆ ಚುಚ್ಚಬೇಕು. ಆಮೇಲೆ ಜಿಮ್ ಎನ್ನುವ ಆಟದ ಹಾಲಿನಲ್ಲಿ ಊಟ, ಊಟಕ್ಕೆ ಮೊದಲು ಮೊದಲ ವರ್ಷದವಳೊಬ್ಬಳು ಅಪ್ಪಂದಿರಿಗೆಲ್ಲ ವಂದನೆ ಹೇಳಬೇಕು. ಯಾರು ಎಂದು ಟೋಪಿಯಲ್ಲಿ ಚೀಟಿ ಹಾಕಿ ಎತ್ತಿದರು. ನನ್ನ ಹೆಸರು ಬಂತು.

ಇಡೀ ತರಗತಿ ಚಪ್ಪಾಳೆ ತಟ್ಟಿತು. ನನ್ನ ಮಾತಿನ ರಾಗ ಕೇಳಿ ಇವರು ನನಗೆ ಮಹಾರಾಣಿ ಎಂದು ಹೆಸರಿಟ್ಟಿದ್ದಾರೆ. "ಮಹಾರಾಣಿಯವರು ಭಾಷಣ ಮಾಡ್ತಾರಂತೆ, ಕಿರೀಟ ಎಲ್ಲಿ?" ಎಂದು ಬೆಟ್ಟಿ ಮಿಲ್ಲರ್ ಕೇಳಿದಳು. ಇಂಗ್ಲೆಂಡಿನಲ್ಲಿ ನಾನು ಅಮೆರಿಕದವಳು, ಇಲ್ಲಿ ಇಂಗ್ಲೆಂಡಿನವಳು. ಎದ್ದು ನಿಂತು ಮಾತಾಡಬೇಕೆಂದರೆ ನನಗೆ ಮಾತೇ ಮರೆತುಹೋಗುತ್ತದೆ, ಹಾಸ್ಟೆಲಿನಲ್ಲಿ ಊಟದ ಪ್ರಾರ್ಥನೆ ಹೇಳುವಾಗಲೂ ಹಾಗೇ. ಭಾಷಣ ನಮ್ಮ ಮಾತುಗಾರಿಕೆ ಪಾಠದ ಪರೀಕ್ಷೆಯೂ ಹೌದಂತೆ. ಆದರೆ ನನ್ನ ಕಷ್ಟ ಅದಲ್ಲ. ಅಪ್ಪಂದಿರ ಬಗ್ಗೆ ನನಗೆ ಏನು ಗೊತ್ತು? ಇರುವುದನ್ನು ಬರೆದಿದ್ದೇನೆ, ಇದರ ಜೊತೆ ಇಟ್ಟಿದ್ದೇನೆ. "ಗೌರವಾನ್ವಿತ ಪಿತೃಗಳೇ" ಎಂದು ಶುರುವಾಗುತ್ತದೆ. ಓದಿದರೆ ಯಾರದೋ ತಿಥಿಯ ಹಾಗಿದೆ.

ಇನ್ನೊಂದು ವಿಷಯ. ನೀವು ಬರಬಹುದೇ? ಮೂರು ದಿನದ ರೈಲು ಎಂದು ಗೊತ್ತು. ಕೆಲಸವಿರುತ್ತದೆ ಎಂದೂ ಗೊತ್ತು. ಯುದ್ಧ ಮುಗಿದ ಮೇಲೆ ಇಂಗ್ಲೆಂಡಿಗೆ ಬರುತ್ತೇನೆ ಎಂದಿದ್ದಿರಿ, ಆಗಲೂ ಕೆಲಸ ಬಂತು, ನಾನು ಬೇಸರ ಮಾಡಿಕೊಳ್ಳಲಿಲ್ಲ. ಈಗಲೂ ಮಾಡಿಕೊಳ್ಳುವುದಿಲ್ಲ. ಕೇಳದೆ ಇದ್ದರೆ ತಪ್ಪಾಗುತ್ತದೆ ಎಂದು ಕೇಳುತ್ತಿದ್ದೇನೆ.

ವಿನ್ನಿ


ವ್ಯಾನ್ ನೈಸ್
ಅಕ್ಟೋಬರ್ 16, 1954

ವಿನ್ನಿ ಮಗಳೇ,

ಭಾಷಣ ಓದಿದೆ. ಪಿತೃಗಳನ್ನು ಮೊದಲು ಎತ್ತಿ ಆಚೆ ಹಾಕು.

ಆ ಜಿಮ್‌ನಲ್ಲಿ ಕೂತಿರುವವರು ಯಾರು ಹೇಳು? ಹಂದಿ ಸಾಕುವವರು, ಟಯರ್ ಮಾರುವವರು, ಬ್ಯಾಂಕಿನವರು. ಮಗಳ ಕಾಲೇಜು ಅಂತ ಎಲ್ಲರೂ ಹೊಸ ಬೂಟು ಹಾಕಿಕೊಂಡು ಬಂದಿರುತ್ತಾರೆ. ಎಲ್ಲರ ಬೂಟೂ ಕಚ್ಚುತ್ತಿರುತ್ತದೆ. ಬಾಯಿಬಿಟ್ಟು ಹೇಳುವ ಹಾಗಿಲ್ಲ. ಅಲ್ಲಿಂದ ಶುರುಮಾಡು. "ನಿಮ್ಮಲ್ಲಿ ಅನೇಕರ ಬೂಟು ಕಚ್ಚುತ್ತಿದೆ ಎಂದು ನಮಗೆ ಗೊತ್ತು" ಅನ್ನು. ಅಷ್ಟು ಅಂದರೆ ಸಾಕು, ಆಮೇಲೆ ನೀನು ಏನು ಹೇಳಿದರೂ ಕೇಳುತ್ತಾರೆ.

ಮಾತು ಮರೆಯುವುದು ನಿನಗೊಬ್ಬಳಿಗೇ ಅಲ್ಲ. ನಮ್ಮಲ್ಲಿ ಅದಕ್ಕೊಂದು ಉಪಾಯ ಇದೆ. ಕ್ಯಾಮೆರಾ ಒಬ್ಬರ ಮುಖವನ್ನೇ ಹತ್ತಿರದಿಂದ ಹಿಡಿಯುವಾಗ, ಎದುರಿಗೆ ಮಾತಾಡುವವನು ಚಿತ್ರದಲ್ಲಿ ಇರುವುದೇ ಇಲ್ಲ. ದೊಡ್ಡ ನಟರು ಆಗ ಎದ್ದುಹೋಗಿ ಕಾಫಿ ಕುಡಿಯುತ್ತಾರೆ. ಅವರ ಮಾತನ್ನು ಯಾರೋ ಕಾಗದ ನೋಡಿ ಒಪ್ಪಿಸುತ್ತಾರೆ, ಸತ್ತ ದನಿಯಲ್ಲಿ. ಪಾಪ ಈಚೆ ಇರುವವನು ಗೋಡೆಗೆ ಮಾತಾಡಿದ ಹಾಗೆ ಮಾತಾಡಬೇಕು. ನಾನು ಏಳುವುದಿಲ್ಲ. ಕ್ಯಾಮೆರಾದ ಪಕ್ಕ ಡಬ್ಬದ ಮೇಲೆ ಕೂತು, ನನ್ನನ್ನು ಯಾರೂ ನೋಡುವುದಿಲ್ಲ ಎಂದು ಗೊತ್ತಿದ್ದೂ, ಪೂರ್ತಿ ಮಾಡುತ್ತೇನೆ. ಅಳುವುದಿದ್ದರೆ ಅಳುತ್ತೇನೆ. ಎದುರಿನವನು ಮಾತು ಮರೆತರೆ ಅವನಿಗೆ ನೆನಪಾಗುವ ಹಾಗೆ ಏನಾದರೂ ಒಂದು ಮಾತು ಎಸೆಯುತ್ತೇನೆ. ನನ್ನ ಒಳ್ಳೆಯ ಕೆಲಸವೆಲ್ಲ ಹಾಗೆ ಚಿತ್ರದ ಹೊರಗೇ ಆಗಿದೆ. ನನಗೇನೂ ಬೇಸರವಿಲ್ಲ. ಹಾಗಾಗಿ ನೀನು ಮಾತಾಡುವಾಗ ಹಿಂದಿನ ಸಾಲಿನಲ್ಲಿ ಒಬ್ಬನನ್ನು ಹಿಡಿದುಕೋ, ಅವನಿಗೇ ಹೇಳು.

ಬರುವ ವಿಷಯ. ನಮ್ಮಂಥವರಿಗೆ ಕರೆ ಹಿಂದಿನ ಸಂಜೆ ಬರುತ್ತದೆ. ನಾಳೆ ಎಲ್ಲಿ, ಎಷ್ಟು ಗಂಟೆಗೆ, ಯಾವ ವೇಷ, ಅಷ್ಟೇ ಹೇಳುತ್ತಾರೆ. ಊರು ಬಿಟ್ಟವನಿಗೆ ಕರೆ ತಪ್ಪುತ್ತದೆ, ಎರಡು ಸಲ ತಪ್ಪಿದವನನ್ನು ಮರೆಯುತ್ತಾರೆ. ಯುದ್ಧ ಮುಗಿದ ಆ ವರ್ಷವೂ ಹೀಗೇ ಫೋನಿನ ಪಕ್ಕ ಕೂತೆ. ಕೂತದ್ದು ಸರಿಯಾ ಎಂದು ಕೇಳಬೇಡ, ಈಗ ಏನೂ ಮಾಡುವ ಹಾಗಿಲ್ಲ. ದೊಡ್ಡವರಾದರೆ "ಇದು ಸರಿಬರಲಿಲ್ಲ, ಇನ್ನೊಂದು ಟೇಕ್" ಎಂದು ಕೇಳಬಹುದು. ನನ್ನಂಥವನು ಕೇಳುವುದಿಲ್ಲ. ಬಂದದ್ದು ಬಂತು, ಮನೆಗೆ ಹೋಗು.

ನೋಡುತ್ತೇನೆ. ಬರುತ್ತೇನೆ ಎಂದು ಹೇಳಲಾರೆ.

ಅಪ್ಪ


ಬೆಲ್ಡನ್ ಕಾಲೇಜು
ನವೆಂಬರ್ 1, 1954

ಅಪ್ಪನಿಗೆ,

ಬೂಟಿನ ಸಾಲನ್ನು ಸೇರಿಸಿದ್ದೇನೆ. ಯಾರಿಗೂ ತೋರಿಸಿಲ್ಲ, ಲವೋನ್‌ಗೂ ಇಲ್ಲ. ಮೊದಲೇ ತೋರಿಸಿದರೆ ಹಳಸುತ್ತದೆ ಎಂದು ಭಯ. ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಹೇಳಿ ನೋಡಿದೆ, ಒಂದು ಸಲವೂ ಕೊನೆ ಮುಟ್ಟಲಿಲ್ಲ.

ಊಟದ ಮೇಜಿಗೆ ಎಷ್ಟು ಜನ ಎಂದು ಕಚೇರಿಯವರು ಕೇಳಿದರು. ಒಬ್ಬಳೇ ಎಂದೆ. ತನ್ನಪ್ಪನ ಮೇಜಿನಲ್ಲೇ ಕೂತುಕೋ ಎಂದು ಲವೋನ್ ಹೇಳಿದ್ದಾಳೆ. ಆದ್ದರಿಂದ ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ವಿನ್ನಿ


ಬೆಲ್ಡನ್ ಕಾಲೇಜು
ನವೆಂಬರ್ 7, 1954

ಅಪ್ಪನಿಗೆ,

ಮುಗಿಯಿತು. ಬದುಕಿದ್ದೇನೆ. ಪಾಸೂ ಆದೆ.

ಬೆಳಿಗ್ಗೆ ಚಳಿ, ಬಿಸಿಲು ಎರಡೂ ಇತ್ತು. ಸೇವಂತಿಗೆಯ ಬುಟ್ಟಿ ಹಿಡಿದುಕೊಂಡು ಜಿಮ್ ಬಾಗಿಲಲ್ಲಿ ನಿಂತಿದ್ದೆ. ಅವಸರದಲ್ಲಿ ಲವೋನಳ ಅಪ್ಪ ಶ್ರೋಕ್ ಅವರಿಗೆ ಸೂಜಿ ಚುಚ್ಚಿಬಿಟ್ಟೆ. "ಹಂದಿ ಕಚ್ಚೋದಕ್ಕಿಂತ ವಾಸಿ ಬಿಡವ್ವ" ಎಂದರು. ಪ್ರತಿಯೊಬ್ಬರನ್ನೂ "ಯಾರ ತಂದೆ ನೀವು, ಸರ್?" ಎಂದು ಕೇಳಿ, ಪಟ್ಟಿಯಲ್ಲಿ ಹೆಸರಿಗೆ ಗುರುತು ಹಾಕಿಕೊಂಡು, ಹೂ ಚುಚ್ಚಿ ಒಳಗೆ ಬಿಡಬೇಕು. ಕೊನೆಕೊನೆಗೆ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಕೋಟಿನ ಮಡಿಕೆಯನ್ನಷ್ಟೇ ನೋಡುತ್ತಿದ್ದೆ. ನಾನು ಕೇಳಿದ್ದಕ್ಕೆ ಒಬ್ಬರು ಉತ್ತರವನ್ನೇ ಕೊಡದೆ ನಿಂತುಬಿಟ್ಟರು. ಹಿಂದೆ ಸಾಲು ಬೆಳೆಯುತ್ತಿತ್ತು. ಪಟ್ಟಿಯಲ್ಲಿ ಇನ್ನೂ ಉಳಿದಿದ್ದವರಲ್ಲಿ ಬೆಟ್ಟಿಯ ಅಪ್ಪ ಒಬ್ಬರು, ಹಾಗಾಗಿ ನಾನೇ "ಮಿಲ್ಲರ್ ಅವರಲ್ವಾ?" ಎಂದೆ. "ಹೌದಮ್ಮ" ಎಂದರು. ಅವರಿಗೆ ಮಾತ್ರ ಹೂವನ್ನು ನೆಟ್ಟಗೆ ಚುಚ್ಚಿದೆ. ಅಲುಗಾಡದೆ ನಿಂತಿದ್ದರು.

ಆಮೇಲೆ ನನ್ನ ಹೆಸರು ಕರೆದರು. ವೇದಿಕೆ ಹತ್ತಿ ನಿಂತೆ. ಎದುರಿಗೆ ಅಷ್ಟೊಂದು ಹಳದಿ ಹೂ. "ಬೆಲ್ಡನ್ ಕಾಲೇಜಿನ ಪರವಾಗಿ" ಎಂದೆ. ಅಷ್ಟೇ. ಮುಂದಿನದು ಹೋಯಿತು. ಬೂಟೂ ಇಲ್ಲ, ಪಿತೃಗಳೂ ಇಲ್ಲ, ಏನೂ ಇಲ್ಲ. ಮಿಸ್ ಆರ್ಡನ್, ನಮ್ಮ ಮಾತುಗಾರಿಕೆಯ ಟೀಚರು, ಮುಂದಿನ ಸಾಲಿನಲ್ಲಿ ತುಟಿ ಅಲ್ಲಾಡಿಸುತ್ತಿದ್ದರು. ಯಾವುದೋ ಚಮಚ ಬಿತ್ತು. ಇಳಿದು ಓಡಿಹೋಗಬೇಕು ಎಂದುಕೊಂಡೆ, ನಿಜಕ್ಕೂ ಒಂದು ಕಾಲು ಹಿಂದಿಟ್ಟೆ.

ಆಗ ಹಿಂದಿನ ಸಾಲಿನಿಂದ ಯಾರೋ ಮುದುಕರು ಗಟ್ಟಿಯಾಗಿ, "ಬ್ಯಾಗ ಮಾತಾಡವ್ವ, ನನ್ ಬೂಟು ಕಚ್ತಾ ಐತೆ" ಎಂದರು.

ಇಡೀ ಜಿಮ್ ನಕ್ಕಿತು. ನನ್ನ ಬಾಯಿ ತಾನಾಗಿ ತೆರೆಯಿತು. "ನಿಮ್ಮಲ್ಲಿ ಅನೇಕರ ಬೂಟು ಕಚ್ಚುತ್ತಿದೆ ಎಂದು ನಮಗೆ ಗೊತ್ತು" ಎಂದೆ. ಮತ್ತೆ ನಕ್ಕರು, ಈ ಸಲ ನನಗೆ. ಆಮೇಲಿನದೆಲ್ಲ ಹರಿದುಕೊಂಡು ಬಂತು. ನೀವು ಎಷ್ಟು ಸರಿಯಾಗಿ ಹೇಳಿದ್ದಿರಿ ನೋಡಿ, ನಿಜಕ್ಕೂ ಒಬ್ಬರ ಬೂಟು ಕಚ್ಚುತ್ತಿತ್ತು. ಕೊನೆಗೆ ಬೆಟ್ಟಿ ಮಿಲ್ಲರ್ ಬಂದು, "ಮಹಾರಾಣಿ, ಆ ಮುದುಕನಿಗೆ ಮೊದಲೇ ಹೇಳಿಟ್ಟಿದ್ದೆಯಾ?" ಎಂದು ಕೇಳಿದಳು.

ಒಂದು ಮಾತು ಹೇಳಿದರೆ ನಗಬೇಡಿ. ಆ ದನಿ ಕೇಳಿದಾಗ ನನಗೆ ಒಂದು ಗಳಿಗೆ ಶನಿವಾರದ ಸಿನಿಮಾದಲ್ಲಿ ಕೂತ ಹಾಗಾಯಿತು. ಭಾಷಣ ಮುಗಿಸಿ ಹಿಂದಿನ ಸಾಲು ನೋಡಿದೆ, ಅಲ್ಲೊಂದು ಕುರ್ಚಿ ಖಾಲಿ ಇತ್ತು. ಬಯಸಿದ್ದು ಎಲ್ಲ ಕಡೆ ಕೇಳಿಸುತ್ತದೆ ಎಂದು ನನಗೆ ನಾನೇ ಬೈದುಕೊಂಡು, ಶ್ರೋಕ್ ಅವರ ಮೇಜಿಗೆ ಹೋಗಿ ಊಟ ಮಾಡಿದೆ.

ನಿಮಗೆ ಆ ದಿನ ಕರೆ ಬಂದಿತ್ತೇ? ಯಾವ ಪಾತ್ರ?

ವಿನ್ನಿ


ವ್ಯಾನ್ ನೈಸ್
ನವೆಂಬರ್ 14, 1954

ವಿನ್ನಿ,

ನಿನ್ನ ಪತ್ರವನ್ನು ಪಕ್ಕದ ಮನೆಯವರಿಗೂ ಓದಿಸಿದೆ. ಅವರಿಗೆ ಬೇಕಿರಲಿಲ್ಲ, ಆದರೂ ಓದಿಸಿದೆ.

ನನಗೆ ಊರ ಹೊರಗೆ ಕೆಲಸ ಬಿದ್ದಿತ್ತು. ಹೊಸ ಸೂಟು, ಹಲ್ಲು ಹಾಕಿಕೊಂಡು ಮಾಡುವಂಥದ್ದು, ಇದುವರೆಗೆ ಬರದೇ ಇದ್ದ ಪಾತ್ರ. ಒಂದೇ ಮಾತು. ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಹೋದೆ. ಕನ್ನಡಿಯಲ್ಲಿ ಹೇಳಿ ನೋಡಿದೆ. ಟೇಕಿನ ಹೊತ್ತಿಗೆ ಎದುರಿನವರು ಕೇಳಬೇಕಾದ್ದನ್ನು ಸರಿಯಾಗಿಯೇ ಕೇಳಿದರು. ನನಗೆ ಬಾಯಿ ಬರಲಿಲ್ಲ. ನನ್ನನ್ನು ಬೇರೆ ಯಾರೋ ಅಂದುಕೊಂಡರು, ನಾನು ಹೌದು ಅಂದುಬಿಟ್ಟೆ. ಅಭ್ಯಾಸ. ಆಮೇಲೆ ನಾನು ಬೇರೆಯವನಾಗಿಯೇ ಹೋಗಿ ಕೂತೆ. ಎದುರಿನವರ ಕೆಲಸ ಬಹಳ ಚೆನ್ನಾಗಿ ಬಂತು. ಅದನ್ನು ನೋಡಿದೆ, ಅಷ್ಟು ಸಾಕು.

ಅಂಥ ಪಾತ್ರಕ್ಕೆ ನಾನು ಸರಿಯಾದವನಲ್ಲ ಎಂದು ಕಾಣುತ್ತದೆ. ಮುಂದಿನ ವಾರದಿಂದ ಮತ್ತೆ ಗಡ್ಡ. ಹಡಗುಕಟ್ಟೆಯ ಕಾವಲುಗಾರ, ಎರಡನೆಯ ದಿನವೇ ಸಾವು. ಇದು ನನಗೆ ಗೊತ್ತಿರುವ ಕೆಲಸ.

ಚಳಿಗೆ ದಪ್ಪ ಕೋಟು ಇದೆಯಾ? ನೀನು ತೊಡುವ ಆ ನೀಲಿಯದು ಓಹಾಯೊ ಚಳಿಗೆ ಸಾಲದು.

ಅಪ್ಪ


ಬೆಲ್ಡನ್ ಕಾಲೇಜು
ನವೆಂಬರ್ 28, 1954

ಅಪ್ಪಾ,

ಈ ಪತ್ರಕ್ಕೆ ಕ್ಷಮೆ ಕೇಳುವುದಿಲ್ಲ.

ನನ್ನ ಕೋಟು ನೀಲಿ ಎಂದು ನಾನು ಯಾವತ್ತೂ ಬರೆದಿರಲಿಲ್ಲ. ಅದನ್ನು ಓದಿ ಪತ್ರವನ್ನು ಮಡಿಚಿ, ಬಿಚ್ಚಿ, ಮತ್ತೆ ಮಡಿಚಿದೆ. ನಂಬಲು ಭಯವಾಯಿತು. ಯಾರನ್ನಾದರೂ ಕೇಳೋಣವೆಂದರೆ ಏನೆಂದು ಕೇಳುವುದು?

ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಲವೋನ್ ನನ್ನನ್ನು ಮನೆಗೆ ಕರೆದುಕೊಂಡು ಹೋದಳು. ಟರ್ಕಿ ಕೋಳಿ, ಆಲೂಗಡ್ಡೆ, ಕುಂಬಳಕಾಯಿ ಪೈ. ಊಟವಾದ ಮೇಲೆ ಶ್ರೋಕ್ ಅವರು ಬೂಟು ಬಿಚ್ಚಿ ಕಾಲು ಚಾಚಿದರು. ಅದು ನೋಡಿ ಲವೋನಳ ಅಮ್ಮ ನಕ್ಕರು.

"ಕಾಲೇಜಲ್ಲಿ ಹಾಗೆ ಕಿರುಚಿದ್ದು ನೀವೇ ತಾನೆ? ಒಪ್ಕೊಂಬಿಡಿ."

"ನಾನಲ್ಲ ಮಾರಾಯ್ತಿ. ನನ್ನ ಹಿಂದಿನ ಸಾಲಲ್ಲಿ ಒಬ್ಬ ಕೂತಿದ್ದ. ಬೂದು ಸೂಟು, ನೀಟಾಗಿದ್ದ. ಈ ಹುಡುಗಿ ಮಾತು ಮರೆತಳಲ್ಲ, ಎಲ್ಲರೂ ನೆಲ ನೋಡ್ತಿದ್ರೆ ಇವನು ಕರ್ಚೀಫು ತೆಗೆದ, ಬಾಯಿಗೆ ಕೈ ಹಾಕಿ ಹಲ್ಲಿನ ಸೆಟ್ಟು ಕಿತ್ತು ಅದರಲ್ಲಿ ಸುತ್ತಿದ, ಆಮೇಲೆ ಕಿರುಚಿದ. ಹಲ್ಲು ತೆಗೆದು ಯಾಕಪ್ಪ ಕಿರುಚ್ತಾನೆ ಅಂತ ನಾನು."

"ಯಾರ ಅಪ್ಪನಂತೆ ಅವನು?" ಎಂದು ಲವೋನ್ ಕೇಳಿದಳು.

"ಯಾರಿಗೆ ಗೊತ್ತು. ಎಲ್ಲೋ ನೋಡಿದ ಹಾಗಿತ್ತು. ಬುಸೈರಸ್ ಊರಲ್ಲಿ ಮೇವಿನ ಅಂಗಡಿ ಇಟ್ಟಿದ್ದೀರಾ ಅಂತ ಕೇಳಿದೆ. ಹೌದು, ಮಾರಿಬಿಟ್ಟೆ ಅಂದ. ಇವಳ ಮಾತು ಕೊನೆ ಮುಟ್ಟೋತನಕ ಅಲ್ಲಾಡಲಿಲ್ಲ. ಕಣ್ಣಲ್ಲಿ ನೀರು ಇಳೀತಿತ್ತು, ಒರೆಸ್ಕೊಳ್ಳೋಣ ಅಂದ್ರೆ ಕರ್ಚೀಫಲ್ಲಿ ಹಲ್ಲು. ಚಪ್ಪಾಳೆ ಆಗುವಾಗ ಎದ್ದು ಹೋದ. ಊಟವನ್ನೂ ಮಾಡಲಿಲ್ಲ."

ನಾನು ಪೈ ತಟ್ಟೆ ಹಿಡಿದುಕೊಂಡು ಅಡುಗೆಮನೆಗೆ ಹೋದೆ. ಲವೋನ್ ಹಿಂದೆಯೇ ಬಂದಳು. ತಟ್ಟೆ ಒರೆಸಲು ಬಟ್ಟೆ ಕೊಟ್ಟಳು. ಕಾಲೇಜಿಗೆ ಬಂದ ಮೇಲೆ ಬೆಟ್ಟಿಯನ್ನು ಕೇಳಿದೆ. ಅವರಪ್ಪ ಅವತ್ತು ಬಂದದ್ದು ಸಂಜೆಯ ರೈಲಿಗಂತೆ. "ಎಲ್ಲರ ಅಪ್ಪನಿಗೂ ಹೂ ಚುಚ್ಚಿದೆ, ನಮ್ಮಪ್ಪನದು ಯಾರಿಗೆ ಕೊಟ್ಟೆ?" ಎಂದು ನನ್ನ ಮೇಲೆಯೇ ರೇಗಿದಳು. ನಮ್ಮಪ್ಪನಿಗೆ ಎಂದೆ.

ಅಪ್ಪಾ, ನಿನ್ನನ್ನು ನಾನು ಗುರುತಿಸಲಿಲ್ಲ. ಗಡ್ಡವಿದ್ದ ಮುಖಗಳೆಲ್ಲ ನನಗೆ ಬಾಯಿಪಾಠ, ನಿನ್ನದು ಮಾತ್ರ ಗೊತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನಾನು ತಲೆಯೆತ್ತಿ ನೋಡಲೇ ಇಲ್ಲ. ಅದು ನನ್ನ ತಪ್ಪು. ಕೇಳಿದ್ದಕ್ಕೆ ನೀನು ಉತ್ತರ ಕೊಡುವಷ್ಟು ಹೊತ್ತು ನಾನು ಕಾಯಲೂ ಇಲ್ಲ, ಇನ್ನೊಬ್ಬರ ಹೆಸರು ಎತ್ತಿ ನಿನ್ನ ಕೈಗಿಟ್ಟೆ. ನೀನು ಹೌದು ಎಂದೆ. ನನಗೂ ಪಾಪ ಬೇಸರವಾಗಬಾರದು ಎಂದು ತಾನೆ?

ಆ ಪಾತ್ರಕ್ಕೆ ಸರಿಯಾದವನಲ್ಲ ಎಂದು ಬರೆದಿದ್ದೀಯ. ನಾನು ಒಪ್ಪುವುದಿಲ್ಲ. ಚಿತ್ರದ ಹೊರಗೆ ಕೂತು ಪೂರ್ತಿ ಮಾಡಿದ್ದನ್ನು ನಾನು ಕೇಳಿದ್ದೇನೆ. ನೀನು ಅಷ್ಟು ದೂರ ಬಂದು, ಹಸಿದುಕೊಂಡು ಹೋದೆ ಎಂಬುದೊಂದೇ ನನಗೆ ನುಂಗಲಾಗುತ್ತಿಲ್ಲ.

ನಿನ್ನಂಥವರು ಇನ್ನೊಂದು ಟೇಕ್ ಕೇಳುವ ಹಾಗಿಲ್ಲ ಎಂದಿದ್ದೆ. ಸರಿ. ಕೇಳುತ್ತಿರುವುದು ನಾನು. ಮಾಡಿದ್ದು ಸರಿಬರಲಿಲ್ಲ, ನನ್ನ ಕಡೆಯಿಂದಲೇ ಸರಿಬರಲಿಲ್ಲ, ಇನ್ನೊಮ್ಮೆ ಮಾಡೋಣ.

ಕರೆ ಹೀಗಿದೆ. ಕ್ರಿಸ್‌ಮಸ್ ರಜೆಗೆ ನಾನೇ ಬರುತ್ತೇನೆ. ಡಿಸೆಂಬರ್ ಹತ್ತೊಂಬತ್ತು, ಭಾನುವಾರ ಬೆಳಿಗ್ಗೆ, ಲಾಸ್ ಏಂಜಲೀಸ್ ರೈಲು ನಿಲ್ದಾಣ. ವೇಷ, ಆ ಬೂದು ಸೂಟು. ಹಲ್ಲು ಬಾಯಲ್ಲಿರಲಿ, ಗಡ್ಡ ಬೇಡ. ಬೂಟು ಹಳೆಯದೇ ಇರಲಿ. ಹಳದಿ ಸೇವಂತಿಗೆ ನಾನು ತರುತ್ತೇನೆ, ಬಾಡಿದ್ದರೆ ಬೈಯಬೇಡ. ನಿನ್ನ ಎದುರಿಗೆ ನಿಂತು, ಈ ಸಲ ಮುಖ ನೋಡಿ, "ಯಾರ ತಂದೆ ನೀವು, ಸರ್?" ಎಂದು ಕೇಳುತ್ತೇನೆ. ನಿನ್ನ ಮಾತು ಒಂದೇ. ಎಷ್ಟು ಹೊತ್ತಾದರೂ ಕಾಯುತ್ತೇನೆ, ಹಿಂದೆ ಎಷ್ಟು ಉದ್ದ ಸಾಲು ಬೆಳೆದರೂ ಸರಿ, ಯಾರ ಹೆಸರನ್ನೂ ಎತ್ತಿಕೊಡುವುದಿಲ್ಲ.

ಟಿಕೆಟು ಈ ವಾರವೇ ತೆಗೆಸಬೇಕು. ಬೇಗ ಉತ್ತರ ಬರೆ.

ನಿನ್ನ ಮಗಳು,
ವಿನ್ನಿ